ಮಕ್ಕಳ ಅಳತೆಯ ಇಯರ್‌ಮಫ್: ಎಂಟು ತಿಂಗಳು ಬಳಸಿದ ಮೇಲೆ

ಅಕ್ಕನ ಮಗನಿಗೆಂದು ಅಡಿಕೆ ಕೊಯ್ಲಿನ ಹೊತ್ತಿಗೆ ತರಿಸಿದ ಇಯರ್‌ಮಫ್ ಇದು, ಎಂದರೆ ಸದ್ದು ತಗ್ಗಿಸಲು ಎರಡೂ ಕಿವಿಗಳನ್ನು ಮುಚ್ಚುವಂತೆ ತಲೆಗೆ ಹಾಕಿಕೊಳ್ಳುವ ಸಾಧನ. ಹುಡುಗನಿಗೆ ಎಂಟು ವರ್ಷ, ಆಟಿಸಂ ಇದೆ. ನನಗೂ ಇದೆ, ಆದರೆ ಗೊತ್ತಾದದ್ದು ಮೂವತ್ತು ದಾಟಿದ ಮೇಲೆ. ಆದ್ದರಿಂದ ಇಂಥದ್ದೊಂದು ವಸ್ತುವಿಲ್ಲದೆ ತೀರ್ಥಹಳ್ಳಿ ಸೀಮೆಯ ಹಳ್ಳಿಯೊಂದರಲ್ಲಿ ಬೆಳೆದವನ ಮಾತೆಂದು ಇದನ್ನು ಓದಬೇಕಾಗಿ ಕೋರುತ್ತೇನೆ.

ನಮ್ಮ ಶಾಲೆಯಲ್ಲಿ ಗಂಟೆಯ ಬದಲು ರೈಲು ಹಳಿಯ ತುಂಡೊಂದನ್ನು ಜಗಲಿಯ ತೊಲೆಗೆ ನೇತುಹಾಕಿದ್ದರು. ಅದನ್ನು ಬಾರಿಸುವ ಹೊತ್ತಾಗುತ್ತಿದ್ದಂತೆ ನಾನು ಕಿವಿ ಮುಚ್ಚಿಕೊಂಡು ಬೆಂಚಿನಡಿ ಸೇರುತ್ತಿದ್ದೆ. ಬಾರಿಸಿದ ಮೇಲೂ ಅದರ ಝೇಂಕಾರ ಹಲ್ಲಿನ ಬುಡದಲ್ಲಿ ಬಹಳ ಹೊತ್ತು ಉಳಿಯುತ್ತಿತ್ತು. ಹಟಮಾರಿಯೆಂದು ಮಾಸ್ತರರು ಹೊಡೆದರು, ಗಾಳಿ ಸೋಕಿದೆಯೆಂದು ಅಜ್ಜಿ ತಾಯಿತ ಕಟ್ಟಿಸಿದರು. ಶಬ್ದ, ಬೆಳಕು, ಸ್ಪರ್ಶಗಳಿಗೆ ಅತಿಯಾಗಿಯೋ ತೀರ ಕಡಿಮೆಯಾಗಿಯೋ ಸ್ಪಂದಿಸುವುದನ್ನು ಅಮೆರಿಕದ ಮನೋವೈದ್ಯರ ಸಂಘವು ತನ್ನ ಕೈಪಿಡಿಯಲ್ಲಿ ಆಟಿಸಂನ ಮಾನದಂಡಗಳಿಗೆ ಸೇರಿಸಿದ್ದು 2013ರಲ್ಲಿ. ಅಷ್ಟರಲ್ಲಿ ನಾನು ಊರು ಬಿಟ್ಟು ಕೆಲಸಕ್ಕೆ ಸೇರಿಯಾಗಿತ್ತು.

ಕಾರ್ಖಾನೆಗಳಲ್ಲಿ ಕೆಲಸಗಾರರು ಧರಿಸುವುದನ್ನೇ ಮಕ್ಕಳ ತಲೆಗೆ ಹೊಂದುವಂತೆ ಮಾಡಿದ್ದಾರೆ. ಬ್ಯಾಟರಿಯಿಲ್ಲ, ಗುಂಡಿಯಿಲ್ಲ. ಪೊಟ್ಟಣದ ಮೇಲೆ 25 ಡೆಸಿಬೆಲ್ ತಗ್ಗಿಸುವುದಾಗಿ ಬರೆದಿದೆ. ಅದು ಪ್ರಯೋಗಾಲಯದ ಲೆಕ್ಕ. ಕನ್ನಡಕದ ಕಡ್ಡಿಯೋ ಕೂದಲೋ ಮೆತ್ತೆಯಡಿ ಸಿಕ್ಕಿಕೊಂಡರೆ ಆ ಸಂದಿನಲ್ಲೇ ಸದ್ದು ನುಗ್ಗುತ್ತದೆ. ಸರಿಯಾಗಿ ಕುಳಿತರೆ ಮಿಕ್ಸಿ, ಕುಕ್ಕರಿನ ಸೀಟಿ, ಅಡಿಕೆ ಸುಲಿಯುವ ಯಂತ್ರ ಇವುಗಳ ಮೊನಚು ಮೊಂಡಾಗುತ್ತದೆ. ನನ್ನ ಬಾಲ್ಯದಲ್ಲಿ ಹೆಂಗಸರು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಆ ಟಕ್ ಟಕ್ ಲಯ ಎಷ್ಟು ಹಿತವಾಗಿತ್ತೆಂದರೆ ಪಕ್ಕದಲ್ಲೇ ನಿದ್ದೆ ಹೋಗುತ್ತಿದ್ದೆ. ಯಂತ್ರ ಬಂದಂದಿನಿಂದ ಅಂಗಳಕ್ಕೆ ಕಾಲಿಡದಿದ್ದ ಹುಡುಗ ಈ ಸಲ ಇದನ್ನು ಹಾಕಿಕೊಂಡು ಹೊರಬಂದು, ಸುಲಿದ ಅಡಿಕೆಯನ್ನು ಹತ್ತತ್ತರ ಸಾಲಿನಲ್ಲಿ ಜೋಡಿಸುತ್ತ ಸಂಜೆಯವರೆಗೆ ಕುಳಿತಿದ್ದ. ಹತ್ತಿರ ಹೋಗಿ ಕರೆದರೆ ತಿರುಗಿ ನೋಡುತ್ತಿದ್ದ.

ಡೊಳ್ಳಿನ ಮುಂದೆ ಮಾತ್ರ ಇದು ಸೋತಿತು. ತೀಕ್ಷ್ಣ ಸದ್ದನ್ನು ತಡೆದಷ್ಟು ಚೆನ್ನಾಗಿ ಇಂಥ ಸಾಧನಗಳು ದಪ್ಪ ಸದ್ದನ್ನು ತಡೆಯಲಾರವು. ಅದು ಎದೆಗೂಡಿಗೂ ಬಡಿಯುತ್ತದೆ. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆಗೆ ಆಸೆಯಿಂದ ಕರೆದೊಯ್ದಿದ್ದೆವು. ಡೊಳ್ಳಿನವರು ಸಮೀಪಿಸಿದಾಗ ಅವನು ಎರಡೂ ಕೈಗಳಿಂದ ಹೊಟ್ಟೆಯನ್ನು ಅವುಚಿಕೊಂಡ. ಹತ್ತು ನಿಮಿಷದಲ್ಲಿ ವಾಪಸು ಹೊರಟೆವು.

ಮಳೆಗಾಲದ ತಾಪತ್ರಯ ಬೇರೆ. ಆಷಾಢದಲ್ಲಿ ಮೆತ್ತೆಗೆ ಬೂಷ್ಟು ಹಿಡಿಯಿತು. ಬಚ್ಚಲೊಲೆಯ ಬಳಿ ಒಣಗಿಸಲು ಹೋಗಿ ಒಂದು ಕಡೆ ಸುಕ್ಕಾಯಿತು. ಅದು ನಮ್ಮದೇ ತಪ್ಪು, ಆದರೆ ಬದಲಿ ಮೆತ್ತೆ ಬಿಡಿಯಾಗಿ ಸಿಗದಿರುವುದು ತಯಾರಕರ ತಪ್ಪು. ದಿನವಿಡೀ ಹಾಕಿಡಬಾರದೆಂಬುದನ್ನೂ ಕೊಳ್ಳುವವರು ತಿಳಿದಿರಬೇಕು. ನಿಶ್ಶಬ್ದಕ್ಕೆ ಒಗ್ಗಿದ ಕಿವಿಗೆ ಸಣ್ಣ ಸದ್ದೂ ದೊಡ್ಡದಾಗುತ್ತದೆ. ನಮ್ಮಲ್ಲಿ ಅದು ಅಡುಗೆಮನೆ ಬಾಗಿಲಿನ ಮೊಳೆಯಲ್ಲಿರುತ್ತದೆ, ಬೇಕೆನಿಸಿದಾಗ ಅವನೇ ತೆಗೆದುಕೊಳ್ಳುತ್ತಾನೆ.

ಕೊಟ್ಟ 1,400 ರೂಪಾಯಿಗೆ ಮೋಸವಿಲ್ಲ. ಈಚೆಗೆ ದೊಡ್ಡವರ ಅಳತೆಯದೊಂದನ್ನು ನನಗೂ ತರಿಸಿಕೊಂಡು ಶಿವಮೊಗ್ಗದ ಬಸ್ಸಿನಲ್ಲಿ ಹಾಕಿಕೊಳ್ಳುತ್ತಿದ್ದೇನೆ. ಕಂಡಕ್ಟರ್ ಟಿಕೆಟ್ ಕೇಳುವುದು ಕೇಳಿಸುತ್ತದೆ, ಅವರ ಸೀಟಿ ಚುಚ್ಚುವುದಿಲ್ಲ.