ಹಲಾಬೋಸ್, ಸಿನಿಗಾಂಗ್, ಗಿನತಾನ್: ತಂದ ಸಿಗಡಿಗೆ ಯಾವುದು ಸರಿ?

ಕರಾವಳಿಯವರ ಕೈಗೆ ಸಿಗಡಿ ಸಿಕ್ಕರೆ ಅದು ಸುಕ್ಕ ಆಗುತ್ತದೆ, ಇಲ್ಲಾ ಪುಳಿಮುಂಚಿ ಆಗುತ್ತದೆ. ಫಿಲಿಪೀನ್ಸ್‌ನವರ ಅಡುಗೆಮನೆಯಲ್ಲೂ ಇರುವುದು ಅದೇ ಹುಣಸೆ, ಅದೇ ತೆಂಗು, ಅದೇ ಅನ್ನ. ಆದರೆ ಅವರ ಹಲಾಬೋಸ್, ಸಿನಿಗಾಂಗ್, ಗಿನತಾನ್ ಎಂಬ ಈ ಮೂರು ಸಿಗಡಿ ಅಡುಗೆಗಳಿಗೆ ಮಸಾಲೆ ಅರೆಯುವುದಿಲ್ಲ. ಕೊತ್ತಂಬರಿ, ಜೀರಿಗೆ, ಅರಿಶಿನ ಒಂದೂ ಬೇಡ. ಹಾಗಾಗಿ ಸಿಗಡಿ ಹಳತಾಗಿದ್ದರೆ ಮೊದಲ ತುತ್ತಿಗೇ ಗೊತ್ತಾಗಿಬಿಡುತ್ತದೆ.

ಶಾರ್ಜಾದ ನಮ್ಮ ಕಟ್ಟಡದಲ್ಲಿ ಮಂಗಳೂರಿನವರೂ ಫಿಲಿಪಿನೋಗಳೂ ಅಕ್ಕಪಕ್ಕದಲ್ಲೇ ಇದ್ದೇವೆ. ಪಕ್ಕದ ಮನೆಯವರಿಂದ ಕಲಿತ ಮೂರು ಬಗೆಯನ್ನು ತಿರುಗಾಮುರುಗಾ ಮಾಡಿ ನೋಡಿದ್ದೇನೆ. ರುಚಿ ನೋಡಿ ಅಡುಗೆ ಆರಿಸುವುದಕ್ಕಿಂತ ಸಿಗಡಿ ನೋಡಿ ಆರಿಸುವುದೇ ಸರಿ ಅಂತ ನನಗೆ ಅನಿಸಿದೆ. ತಲೆ ಇದೆಯಾ, ಸಿಪ್ಪೆ ಇದೆಯಾ, ಐಸ್‌ನಿಂದ ತೆಗೆದದ್ದಾ, ಮೊದಲು ಅದನ್ನು ನೋಡಬೇಕು.

ಮೂರರಲ್ಲಿ ಅತಿ ಸುಲಭ ಹಲಾಬೋಸ್. ತಲೆ, ಸಿಪ್ಪೆ ಸಮೇತ ಸಿಗಡಿಯನ್ನು ಬಾಣಲೆಗೆ ಹಾಕಿ, ಉಪ್ಪು, ಒಂದಿಷ್ಟು ನೀರು ಹಾಕಿ ಮುಚ್ಚುವುದು. ಸಿಗಡಿ ಬಿಟ್ಟ ನೀರು ಅದರ ಮೈಗೇ ಇಂಗುವ ತನಕ ಬೇಯಿಸುವುದು. ಅಷ್ಟೇ. ಮೀಸೆಯನ್ನೂ ತಲೆಯ ಚೂಪು ತುದಿಯನ್ನೂ ಕತ್ತರಿಯಲ್ಲಿ ಕತ್ತರಿಸಿ, ಬೆನ್ನಿನ ಕಪ್ಪು ನರವನ್ನು ಹಲ್ಲುಕಡ್ಡಿಯಲ್ಲಿ ಎಳೆದರೆ ಸಿಪ್ಪೆ ಬಿಡಿಸುವ ಅಗತ್ಯವೇ ಇಲ್ಲ.

ಈಗ ಎಷ್ಟೋ ಮನೆಗಳಲ್ಲಿ ನೀರಿನ ಬದಲು ಸ್ಪ್ರೈಟ್ ಅಥವಾ ಸೆವೆನ್ ಅಪ್ ಸುರಿಯುತ್ತಾರೆ. ಅರ್ಧ ಕಿಲೋಗೆ ಮುಕ್ಕಾಲು ಕಪ್ ಸಾಕು. ಬೆಳ್ಳುಳ್ಳಿ, ಬೆಣ್ಣೆ ಬೇರೆ. ಸೋಡಾದ ಸಕ್ಕರೆ ಕುದಿದು ಕುದಿದು ಅಂಟಾಗಿ ಸಿಪ್ಪೆಗೆ ಹೊಳಪು ಕೊಡುತ್ತದೆ. ನಮ್ಮ ಮಕ್ಕಳಿಗೆ ಇದು ಪ್ರಾಣ, ಬೆರಳು ಚೀಪುತ್ತಾ ತಿನ್ನುತ್ತಾರೆ. ನನಗೆ ಮಾತ್ರ ಬರೀ ಉಪ್ಪಿನದೇ ಇಷ್ಟ. ಸೋಡಾ ಹಾಕಿದ್ದರಲ್ಲಿ ನಾಲ್ಕು ಸಿಗಡಿ ಆಗುವಷ್ಟರಲ್ಲಿ ಸಿಹಿ ಸಾಕೆನಿಸುತ್ತದೆ. ವಿನೆಗರ್‌ಗೆ ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸು ಹಾಕಿ ಪಕ್ಕದಲ್ಲಿಟ್ಟುಕೊಂಡರೆ ಆ ಸಿಹಿ ಸ್ವಲ್ಪ ಹತೋಟಿಗೆ ಬರುತ್ತದೆ. ಆದರೆ ಇದು ತಾಜಾ ಸಿಗಡಿಯ ಅಡುಗೆ. ಐಸ್‌ನಲ್ಲಿಟ್ಟದ್ದು ಬಾಣಲೆಯಲ್ಲಿ ಎಷ್ಟು ನೀರು ಬಿಡುತ್ತದೆ ಅಂದರೆ, ಆ ನೀರು ಆರುವಷ್ಟರಲ್ಲಿ ಸಿಗಡಿ ರಬ್ಬರ್ ಆಗಿರುತ್ತದೆ.

ನನ್ನ ಓಟು ಸಿನಿಗಾಂಗ್‌ಗೆ. ಇದು ಹುಣಸೆ ಹುಳಿಯ ತೆಳು ಸಾರು. ಈರುಳ್ಳಿ, ಟೊಮೇಟೊ, ಮೂಲಂಗಿ, ಉದ್ದ ಅಲಸಂದೆ, ಬೆಂಡೆ, ಬದನೆ, ಒಂದೆರಡು ಉದ್ದ ಹಸಿಮೆಣಸು, ಕೊನೆಗೆ ಒಂದು ಹಿಡಿ ಸೊಪ್ಪು. ಅವರು ಹಾಕುವುದು ಕಾಂಗ್‌ಕೊಂಗ್ ಎಂಬ, ನೀರಿನಲ್ಲಿ ಬೆಳೆಯುವ ಸೊಪ್ಪು. ಅದು ಸಿಗದ ದಿನ ನಾನು ಪಾಲಕ್ ಹಾಕುತ್ತೇನೆ. ಬಸಳೆಯೂ ಆಗುತ್ತದೆ, ಸಾರು ಕೊಂಚ ಲೋಳೆ ಅನಿಸಬಹುದು. ನೀರಿನ ಬದಲು ಅಕ್ಕಚ್ಚು ಬಳಸುತ್ತಾರೆ, ಅದೂ ಎರಡನೇ ಸಲ ಅಕ್ಕಿ ತೊಳೆದದ್ದು. ನಾವು ದನಕ್ಕಿಡುವ ಆ ನೀರು ಸಾರಿಗೆ ಎಷ್ಟು ಮೈ ಕೊಡುತ್ತದೆ ಅಂತ ಮಾಡಿ ನೋಡಿದರೇ ನಂಬಿಕೆ ಬರುವುದು.

ಹುಳಿಯಲ್ಲೂ ಒಂದು ಪೈಪೋಟಿ ಇದೆ. ಅಲ್ಲಿ ಮೂಲದಲ್ಲಿ ಹಾಕುವುದು ಎಳೆ ಹಸಿರು ಹುಣಸೆಕಾಯಿ. ಬೇಯಿಸಿ, ಹಿಸುಕಿ, ಸೋಸುತ್ತಾರೆ. ಅವಸರಕ್ಕೆ ಪುಡಿ ಪ್ಯಾಕೆಟ್ ಇದೆ, ಫಿಲಿಪಿನೋ ಅಂಗಡಿಗಳಲ್ಲಿ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಪುಡಿಯ ಹುಳಿ ಚುರುಕು, ಆದರೆ ಉಪ್ಪು ಅದರಲ್ಲೇ ಇರುವುದರಿಂದ ಮತ್ತೆ ಉಪ್ಪು ಹಾಕುವ ಮುಂಚೆ ರುಚಿ ನೋಡಲೇಬೇಕು. ನಮ್ಮ ಮನೆಯ ಹಳೇ ಹುಣಸೆಹಣ್ಣಿನಲ್ಲಿ ಮಾಡಿದರೆ ಸಾರು ಕಂದಾಗುತ್ತದೆ, ನೋಡಲು ರಸಂ ಥರ ಕಾಣುತ್ತದೆ, ರುಚಿ ಮಾತ್ರ ಹದವಾಗಿರುತ್ತದೆ. ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಬಿಂಬುಳಿ. ಅವರೂ ಅದನ್ನು ಕಾಮಿಯಾಸ್ ಅಂತ ಸಿನಿಗಾಂಗ್‌ಗೆ ಹಾಕುತ್ತಾರೆ. ಊರಿಂದ ಯಾರಾದರೂ ಬಿಂಬುಳಿ ತಂದರೆ ನಮ್ಮ ಮನೆಯಲ್ಲಿ ಅವತ್ತು ಇದೇ ಅಡುಗೆ. ಬಣ್ಣ ತಿಳಿಯಾಗಿರುತ್ತದೆ, ಹುಳಿ ನಾಲಿಗೆಯ ಅಂಚಿಗೆ ಥಟ್ಟನೆ ತಾಗುತ್ತದೆ.

ಸಿಗಡಿಯ ತಲೆಯೇ ಈ ಸಾರಿನ ಜೀವ. ತಲೆ ಕಿತ್ತು, ಜಜ್ಜಿ, ಸ್ವಲ್ಪ ನೀರಲ್ಲಿ ಹಿಂಡಿ ಸೋಸಿದರೆ ಕಿತ್ತಳೆ ಬಣ್ಣದ ರಸ ಬರುತ್ತದೆ. ಅದನ್ನು ಕುದಿಯುವ ಸಾರಿಗೆ ಸುರಿಯಬೇಕು. ಉಪ್ಪಿಗೆ ಪಾತಿಸ್, ಅಂದರೆ ಮೀನು ಹುದುಗಿಸಿ ತೆಗೆದ ಉಪ್ಪುರಸ. ವಾಸನೆ ಬೇಡ ಅನ್ನುವವರು ಬರೀ ಉಪ್ಪು ಹಾಕಲಿ, ಏನೂ ಕೆಡುವುದಿಲ್ಲ. ತರಕಾರಿ ಬೆಂದ ಮೇಲೆ ಸಿಗಡಿ ಹಾಕಿ ಮೂರ್ನಾಲ್ಕು ನಿಮಿಷ, ಕೆಂಪಾಗಿ ಬಾಗಿದ ಕೂಡಲೇ ಒಲೆ ಆರಿಸಿಬಿಡಿ. ಪೂರ್ತಿ ಸುರುಟಿಕೊಂಡು ಉಂಗುರವಾದರೆ ಜಾಸ್ತಿ ಬೆಂದಿದೆ ಅಂತಲೇ.

ಹಾಗಾದರೆ ಐಸ್‌ನ, ಸಿಪ್ಪೆ ಬಿಡಿಸಿದ ಸಿಗಡಿಗೆ ಏನು ಗತಿ? ಅದಕ್ಕೆ ಗಿನತಾನ್. ತೆಂಗಿನ ಹಾಲಿನಲ್ಲಿ ಸಿಹಿಗುಂಬಳ, ಉದ್ದ ಅಲಸಂದೆ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು. ಕುಂಬಳ ತೆಳು ಹಾಲಿನಲ್ಲಿ ಬೇಯಲಿ. ಒಂದಿಷ್ಟು ಹೋಳು ಕರಗಿ ಗೊಜ್ಜಿನಂತಾದರೆ ಇನ್ನೂ ಒಳ್ಳೆಯದು. ಗಟ್ಟಿ ಹಾಲು ಕೊನೆಗೆ. ಐಸ್‌ನ ಸಿಗಡಿಯನ್ನು ಫ್ರಿಜ್‌ನಲ್ಲೇ ಕರಗಿಸಿ, ಬಟ್ಟೆಯಲ್ಲಿ ಒತ್ತಿ ನೀರು ತೆಗೆದು ಹಾಕಿದರೆ ಸಾರು ನೀರಾಗುವುದಿಲ್ಲ. ತೆಂಗೂ ಖಾರವೂ ಜಾಸ್ತಿ ಬೇಕೆನ್ನುವ ಬಿಕೋಲ್ ಪ್ರಾಂತ್ಯದವರ ಹಾಗೆ ಮೆಣಸು ಧಾರಾಳವಾಗಿ ಹಾಕಿದರೆ ನಮ್ಮವರಿಗೆ ಹೆಚ್ಚು ಒಗ್ಗುತ್ತದೆ. ಕೆಲವರು ಉಪ್ಪಿನ ಬದಲು ಬಗೂಂಗ್ ಹಾಕುತ್ತಾರೆ, ಸಣ್ಣ ಸಿಗಡಿಯನ್ನು ಉಪ್ಪಿನಲ್ಲಿ ಹುದುಗಿಸಿದ್ದು. ಅರ್ಧ ಚಮಚ ಸಾಕು, ಅಡುಗೆಮನೆಯ ಕಿಟಕಿ ತೆಗೆದಿಟ್ಟುಕೊಳ್ಳಿ!

ಒಂದು ತಕರಾರು ಇದೆ. ಗಿನತಾನ್ ತಿನ್ನುವಾಗ ನನ್ನ ಗಂಡ ಪ್ರತಿ ಸಲ "ಒಗ್ಗರಣೆ ಮರೆತಿಯಾ?" ಅಂತ ಕೇಳುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ. ತೆಂಗಿನ ಹಾಲಿನ ಅಡುಗೆ ಅಂದರೆ ನಮಗೆ ಆಗಲೇ ಬಾಯಿರುಚಿ ಇದೆ, ಇದು ಅದರ ಪಕ್ಕ ಸಪ್ಪೆ ಅನಿಸುತ್ತದೆ. ಸಿನಿಗಾಂಗ್‌ಗೆ ಆ ತೊಂದರೆ ಇಲ್ಲ, ಅಂಥ ಸಿಗಡಿ ಸಾರು ನಮ್ಮ ಮನೆಗಳಲ್ಲಿ ಇಲ್ಲವಲ್ಲ.

ಗಂಬಾಸ್ ಬಗ್ಗೆ ಕೇಳುವವರೂ ಇದ್ದಾರೆ. ಫಿಲಿಪೀನ್ಸ್ ಸ್ಪೇನ್‌ನವರು 1565ರಿಂದ 1898ರ ತನಕ ಆಳಿದ ನಾಡು, ಈ ಹೆಸರೂ ಸ್ಪೇನ್‌ನಿಂದಲೇ ಬಂದದ್ದು. ಬೆಳ್ಳುಳ್ಳಿ, ದಪ್ಪ ಮೆಣಸು, ಟೊಮೇಟೊ ಸಾಸ್ ಹಾಕಿ ಹುರಿದದ್ದು. ಚೆನ್ನಾಗಿದೆ, ಆದರೆ ನಮ್ಮ ಕಡೆಯ ಹೋಟೆಲ್‌ಗಳ ಚಿಲ್ಲಿ ಪ್ರಾನ್ಸ್ ತಿಂದವರಿಗೆ ಇದರಲ್ಲಿ ಹೊಸತೇನೂ ಸಿಗುವುದಿಲ್ಲ. ನಾನು ಮತ್ತೆ ಮಾಡಲು ಹೋಗಿಲ್ಲ.