ಸ್ನೋಮೊಬೈಲ್‌ನ ಗ್ರೀಸ್ ನಿಪ್ಪಲ್ ಸೋರುತ್ತಿದ್ದರೆ ಹೊಸದು ಹಾಕಿಸಿ ಸುಮ್ಮನಾಗಬೇಡಿ

ಸ್ನೋಮೊಬೈಲ್‌ನ, ಅಂದರೆ ಹಿಮದ ಮೇಲೆ ಓಡುವ ಗಾಡಿಯ, ಹಿಂದಿನ ಸಸ್ಪೆನ್ಷನ್‌ನಲ್ಲಿ ಗ್ರೀಸ್ ನಿಪ್ಪಲ್ (ಗ್ರೀಸು ತುಂಬುವ ಪುಟ್ಟ ಮೂತಿ) ಸೋರುತ್ತಿದೆ ಅಂತ ವರ್ಕ್‌ಶಾಪಿಗೆ ಬಿಟ್ಟಿದ್ದೀರಾ? "ನಿಪ್ಪಲ್ ಬದಲಾಯಿಸಿದ್ದೇವೆ, ಸೋರುವುದು ನಿಂತಿದೆ" ಅಂತ ಅವರು ಹೇಳಿದರೆ ಅಷ್ಟಕ್ಕೇ ಒಪ್ಪಿಕೊಂಡು ಗಾಡಿ ತರಬೇಡಿ. ಸೋರುವುದು ನಿಂತರೆ ಸಾಲದು. ಗ್ರೀಸು ಬುಷ್‌ಗಳವರೆಗೆ, ಅಂದರೆ ತಿರುಗುವ ಭಾಗ ಸವೆಯದಂತೆ ಒಳಗೆ ಹಾಕಿದ ಬಳೆಗಳವರೆಗೆ, ಹೋಗುತ್ತಿದೆಯಾ ಅನ್ನುವುದೇ ಮುಖ್ಯ. ನನ್ನ ಗಾಡಿಯಲ್ಲಿ ಅದನ್ನು ಯಾರೂ ನೋಡಲಿಲ್ಲ. ಹಿಮದ ದಾರಿಯಲ್ಲಿ ಹಿಂದಿನ ಸಸ್ಪೆನ್ಷನ್ ಕಳಚಿಕೊಂಡಿತು.

ಹೊಸಬರಿಗಾಗಿ ಸ್ವಲ್ಪ ಹೇಳುತ್ತೇನೆ. ಹಿಂದಿನ ಸಸ್ಪೆನ್ಷನ್ ಪೂರ್ತಿ ರಬ್ಬರ್ ಟ್ರ್ಯಾಕಿನ ಒಳಗೇ ಇರುತ್ತದೆ. ಮುಂದೊಂದು ಹಿಂದೊಂದು ಆರ್ಮ್ ಇರುತ್ತವೆ. ಹೆಚ್ಚಿನ ಗಾಡಿಗಳಲ್ಲಿ ಆರ್ಮಿನ ಮೇಲ್ತುದಿಯಲ್ಲಿ ಅಡ್ಡಲಾಗಿ ಒಂದು ಪೈಪು, ಪೈಪಿನೊಳಗೆ ಶಾಫ್ಟು, ಎರಡು ಕಡೆಗೂ ಬುಷ್. ಶಾಫ್ಟನ್ನು ಟನೆಲ್‌ಗೆ, ಅಂದರೆ ಸೀಟಿನ ಕೆಳಗಿನ ಅಲ್ಯೂಮಿನಿಯಂ ಮೈಗೆ, ಎರಡು ಬದಿಯಿಂದ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಶಾಫ್ಟು ತಿರುಗಬಾರದು. ಅದರ ಮೇಲೆ ಆರ್ಮು ಮಾತ್ರ ತಿರುಗಬೇಕು. ನಿಪ್ಪಲ್ ಇರುವುದು ಆ ಪೈಪಿನ ಮೇಲೆ. ಗ್ರೀಸ್ ಗನ್ನಿಂದ ಒತ್ತಿದಾಗ ಹೊಸ ಗ್ರೀಸು ಹಳೆಯದನ್ನೂ ಒಳಗೆ ಸೇರಿದ ನೀರನ್ನೂ ತಳ್ಳಿಕೊಂಡು ಪೈಪಿನ ಎರಡು ತುದಿಯಲ್ಲಿ ಹೊರಗೆ ಬರಬೇಕು.

ತುದಿಯಲ್ಲಿ ಗ್ರೀಸು ಕಂಡರೆ ಕೆಲವರು ಅದನ್ನೂ ಸೋರಿಕೆ ಅಂದುಕೊಳ್ಳುತ್ತಾರೆ. ಅದು ಸೋರಿಕೆಯಲ್ಲ, ಆಗಬೇಕಾದ್ದೇ ಅದು.

ನನ್ನ ಗಾಡಿಯಲ್ಲಿ ಆಗುತ್ತಿದ್ದದ್ದು ಬೇರೆ. ಮುಂದಿನ ಆರ್ಮಿಗೆ ಗ್ರೀಸ್ ಹೊಡೆದರೆ ಅಷ್ಟೂ ನಿಪ್ಪಲ್‌ನ ಬುಡದಿಂದಲೇ ಹೊರಗೆ ಬರುತ್ತಿತ್ತು. ಪೈಪಿನ ತುದಿಗಳು ಒಣಗಿಕೊಂಡೇ ಇದ್ದವು. ವರ್ಕ್‌ಶಾಪಿನಲ್ಲಿ ಇದನ್ನೇ ಬಿಡಿಸಿ ಹೇಳಿದ್ದೆ. ಶಾಫ್ಟ್ ಹೊರಗೆ ತೆಗೆದು ನೋಡಿ ಅಂತಲೂ ಕೇಳಿದ್ದೆ. "ಅಷ್ಟೆಲ್ಲ ಬೇಡ, ನಿಪ್ಪಲ್ ಹಾಳಾಗಿದೆ ಅಷ್ಟೇ" ಅಂದರು. ಗಾಡಿ ಕೈಗೆ ಬಂದಾಗ ಹೊಳೆಯುವ ಹೊಸ ನಿಪ್ಪಲ್ ಇತ್ತು. ಬುಡ ಒಣಗಿತ್ತು.

ಆಮೇಲೆ ಒಂದು ಸವಾರಿಯಲ್ಲಿ ಉಬ್ಬುತಗ್ಗು ಹತ್ತಿ ಇಳಿದಾಗಲೆಲ್ಲ ಕೆಳಗಿನಿಂದ ಲೋಹ ಬಡಿದ ಹಾಗೆ ಸದ್ದು ಬರತೊಡಗಿತು. ನಿಲ್ಲಿಸಿ ನೋಡೋಣ ಅಂತ ವೇಗ ಇಳಿಸುತ್ತಿದ್ದೆ. ಅಷ್ಟರಲ್ಲಿ ಗಾಡಿ ಒಂದು ಬದಿಗೆ ಕುಸಿದು, ಟ್ರ್ಯಾಕು ಹಿಡಿದುಕೊಂಡುಬಿಟ್ಟಿತು. ವೇಗ ಕಡಿಮೆ ಇದ್ದದ್ದರಿಂದ ನನಗೇನೂ ಆಗಲಿಲ್ಲ. ಜೋರಾಗಿ ಹೋಗುತ್ತಿದ್ದಾಗ ಟ್ರ್ಯಾಕು ಹೀಗೆ ನಿಂತರೆ ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರಿ ಬೀಳಬಹುದು. ಒಬ್ಬನೇ ಹೋಗಿದ್ದರೆ ಆ ಚಳಿಯಲ್ಲಿ ವಾಪಸು ಬರುವುದೂ ಕಷ್ಟವಿತ್ತು. ಜೊತೆಗಿದ್ದವರ ಗಾಡಿಯಲ್ಲಿ ಕೂತು ಬಂದೆ.

ಬೇರೊಬ್ಬ ಮೆಕ್ಯಾನಿಕ್ ಸಸ್ಪೆನ್ಷನ್ ಪೂರ್ತಿ ಇಳಿಸಿ ತೋರಿಸಿದರು. ಹೊಸ ನಿಪ್ಪಲ್ ಜಾಗದಲ್ಲೇ ಇರಲಿಲ್ಲ, ಬರೀ ತೂತು. ತೂತಿನ ಅಂಚಿನಲ್ಲಿ ಟೆಫ್ಲಾನ್ ಟೇಪಿನ ಚೂರು ಮತ್ತು ಅಂಟು. ಕಾರಣ ಥ್ರೆಡ್, ಅಂದರೆ ತಿರುಪಿನ ಸುರುಳಿ ಗೆರೆ. ಆ ತೂತು ಕಾಲು ಇಂಚಿನದು, ಇಂಚಿಗೆ 28 ಥ್ರೆಡ್. ಹಾಕಿದ್ದು ಎಂ6, ಅಂದರೆ ಮಿಲಿಮೀಟರ್ ಅಳತೆಯ ನಿಪ್ಪಲ್. ಕಣ್ಣಿಗೆ ಎರಡೂ ಒಂದೇ. ಆದರೆ ಮೊದಲನೆಯದರ ದಪ್ಪ 6.35 ಮಿಲಿಮೀಟರ್, ಎಂ6 ಬರೀ 6. ಥ್ರೆಡ್‌ನಿಂದ ಥ್ರೆಡ್‌ಗೆ ಇರುವ ಅಂತರವೂ ಬೇರೆ, ಒಂದರಲ್ಲಿ ಸುಮಾರು 0.9, ಇನ್ನೊಂದರಲ್ಲಿ 1 ಮಿಲಿಮೀಟರ್. ಚಿಕ್ಕದು ದೊಡ್ಡ ತೂತಿನಲ್ಲಿ ಸಡಿಲವಾಗಿ ಕೂರುತ್ತದೆ, ಟೇಪು ಸುತ್ತಿದರೆ ಬಿಗಿಯಾದ ಹಾಗೆ ಕಾಣುತ್ತದೆ, ಅಲುಗಾಟಕ್ಕೆ ಕಳಚಿ ಬೀಳುತ್ತದೆ. ಇದರ ಉಲ್ಟಾ, ಎಂ6 ತೂತಿಗೆ ಕಾಲು ಇಂಚಿನದನ್ನು ಒತ್ತಾಯದಿಂದ ತಿರುಗಿಸಿದರೆ ಪೈಪಿನ ಥ್ರೆಡ್ಡೇ ಕಿತ್ತುಹೋಗುತ್ತದೆ.

ಇದಕ್ಕಿಂತ ಕೆಟ್ಟದ್ದು ಒಳಗಿತ್ತು. ಹಳೇ ಗ್ರೀಸು ಗಟ್ಟಿಯಾಗಿ, ತುಕ್ಕಿನ ಜೊತೆ ಸೇರಿ, ಬುಷ್‌ಗಳ ಹತ್ತಿರ ದಾರಿ ಮುಚ್ಚಿಹೋಗಿತ್ತು. ಗ್ರೀಸಿಗೆ ಮುಂದೆ ಹೋಗಲು ಜಾಗವಿಲ್ಲದೆ ಮೊದಲಿನಿಂದಲೂ ನಿಪ್ಪಲ್ ಕಡೆಗೆ ವಾಪಸು ಬರುತ್ತಿತ್ತು. ನಿಪ್ಪಲ್ ಬಿದ್ದ ಮೇಲೆ ಆ ತೂತಿನಿಂದ ಹಿಮದ ನೀರು ಬೇರೆ ಇಳಿದಿತ್ತು. ಶಾಫ್ಟು, ಬುಷ್ ಎರಡೂ ಹಿಡಿದುಕೊಂಡು ಒಂದಾಗಿದ್ದವು. ಆಗ ಆರ್ಮಿನ ಜೊತೆ ಶಾಫ್ಟೂ ತಿರುಗಲೇಬೇಕಲ್ವಾ? ಅದು ತಿರುಗಿ ತಿರುಗಿ ಟನೆಲ್‌ನ ಬೋಲ್ಟು ಸಡಿಲವಾಗಿ, ಬೋಲ್ಟಿನ ತೂತು ಅಂಡಾಕಾರಕ್ಕೆ ಬಂದು, ಕೊನೆಗೆ ಬೋಲ್ಟೇ ಮುರಿದಿತ್ತು. ಶಾಫ್ಟು, ಬುಷ್, ಬೋಲ್ಟುಗಳು ಎಲ್ಲ ಹೊಸದು ಬೇಕಾಯಿತು. ಟನೆಲ್‌ಗೆ ಒಳಗಿನಿಂದ ತಗಡಿನ ಆಸರೆ ಕೊಡಬೇಕಾಯಿತು. ಮೊದಲೇ ಶಾಫ್ಟ್ ತೆಗೆದು ತೊಳೆದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಈ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಹಾಗಾಗಿ ಮೊದಲು ಗ್ರೀಸು ಎಲ್ಲಿಂದ ಬರುತ್ತಿದೆ ಅಂತ ಬಟ್ಟೆಯಿಂದ ಒರೆಸಿ ನೋಡಿ. ಗನ್ನಿನ ಬಾಯಿಗೂ ನಿಪ್ಪಲ್‌ಗೂ ನಡುವೆ ಬರುತ್ತಿದ್ದರೆ ಗನ್ನಿನ ಬಾಯಿ ಸವೆದಿರಬಹುದು ಅಥವಾ ಓರೆಯಾಗಿ ಕೂತಿರಬಹುದು. ಗನ್ ತೆಗೆದ ಮೇಲೆ ನಿಪ್ಪಲ್‌ನ ತಲೆಯಿಂದ ಬರುತ್ತಿದ್ದರೆ ಒಳಗಿನ ಪುಟ್ಟ ಗುಂಡು ಕೊಳೆಯಿಂದ ಸಿಕ್ಕಿಕೊಂಡಿದೆ ಅಂತ ಅರ್ಥ, ಅಂಥದ್ದನ್ನು ಬದಲಾಯಿಸಿದರೆ ಸಾಕು. ಬುಡದಿಂದ ಬರುತ್ತಿದ್ದರೆ ನಿಪ್ಪಲ್ ಸಡಿಲವಾಗಿರಬಹುದು, ಥ್ರೆಡ್ ಹೊಂದದೆ ಇರಬಹುದು. ಅದರ ಜೊತೆಗೆ ಪೈಪಿನ ತುದಿಯೂ ಒಣಗಿದ್ದರೆ ದಾರಿ ಮುಚ್ಚಿರುವ ಸಾಧ್ಯತೆಯೇ ಜಾಸ್ತಿ. ಗಾಡಿಯ ಹಿಂಭಾಗವನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಬುಷ್ ಮೇಲಿನ ಭಾರ ಇಳಿಸಿ, ಆರ್ಮನ್ನು ಮೆಲ್ಲಗೆ ಆಡಿಸುತ್ತಾ ಒಮ್ಮೆ ಒತ್ತಿ ನೋಡಬಹುದು. ಆಗಲೂ ತುದಿಗೆ ಬರದಿದ್ದರೆ ಶಾಫ್ಟ್ ತೆಗೆಯಲೇಬೇಕು. ಬಲ ಹಾಕಿ ಒತ್ತಬೇಡಿ.

ಅದಕ್ಕೆ ಕಾರಣವಿದೆ. ಕೈಯಿಂದ ಒತ್ತುವ ಗ್ರೀಸ್ ಗನ್ನೂ ಸಾವಿರಾರು ಪಿಎಸ್ಐ ಒತ್ತಡ ಕೊಡುತ್ತದೆ. ಸೋರುವ ಜಾಗಕ್ಕೆ ಬೆರಳು ಅಡ್ಡ ಇಟ್ಟರೆ ಗ್ರೀಸು ಚರ್ಮ ತೂರಿಕೊಂಡು ಒಳಗೆ ಹೋಗಬಹುದು. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಮೊದಮೊದಲು ನೋವೂ ಅಷ್ಟಾಗಿ ಇರುವುದಿಲ್ಲ. ಆದರೆ ಒಳಗೆ ಮಾಂಸ ಸಾಯಲು ಶುರುವಾಗುತ್ತದೆ, ಬೆರಳೇ ಹೋಗಬಹುದು. ಹಾಗೇನಾದರೂ ಆದರೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಶಾಫ್ಟ್ ಸಡಿಲ ಮಾಡಲು ಗ್ಯಾಸ್ ಬೆಂಕಿ ಹಿಡಿಯುತ್ತೇವೆ ಅಂದರೂ ಬಿಡಬೇಡಿ. ಪ್ಲಾಸ್ಟಿಕ್ ಬುಷ್ ಇದ್ದರೆ ಕರಗಿಹೋಗುತ್ತದೆ. ನಿಪ್ಪಲ್ ತೂತಿಗೆ ಹೊಸದಾಗಿ ಟ್ಯಾಪ್ ಹೊಡೆಯುವುದಾದರೆ, ಅಂದರೆ ಥ್ರೆಡ್ ಕೊರೆಯುವುದಾದರೆ, ಶಾಫ್ಟ್ ಹೊರಗಿರುವಾಗಲೇ ಹೊಡೆಯಬೇಕು. ಇಲ್ಲದಿದ್ದರೆ ಲೋಹದ ಪುಡಿ ಒಳಗೇ ಉಳಿದು ಬುಷ್ ಕೊರೆಯುತ್ತದೆ. ನೀವೇ ಬಿಚ್ಚುವುದಾದರೆ ಟಾರ್ಷನ್ ಸ್ಪ್ರಿಂಗುಗಳ, ಅಂದರೆ ತಿರುಚಿ ಬಿಗಿದಿರುವ ಸ್ಪ್ರಿಂಗುಗಳ, ಬಿಗಿ ಮೊದಲು ಇಳಿಸಿ. ಅವು ಚಿಮ್ಮಿದರೆ ಕೈ ಮುರಿಯುವಷ್ಟು ಜೋರಿರುತ್ತದೆ.

ಗ್ರೀಸಿನ ಬಗ್ಗೆಯೂ ಒಂದು ಮಾತು. ಕೊರೆಯುವ ಚಳಿಯಲ್ಲೂ ಗಟ್ಟಿಯಾಗದ, ನೀರಿಗೆ ತೊಳೆದುಹೋಗದ ಗ್ರೀಸೇ ಬೇಕು. ಬೇರೆ ಜಾತಿಯ ಗ್ರೀಸುಗಳನ್ನು ಬೆರೆಸಬೇಡಿ. ಕೆಲವು ಒಂದಕ್ಕೊಂದು ಹೊಂದದೆ ನೀರಾಗುತ್ತವೆ, ಆಗ ಸರಿಯಾದ ನಿಪ್ಪಲ್ ಇದ್ದರೂ ಎಣ್ಣೆ ಜಿನುಗುತ್ತದೆ.

ರಿಪೇರಿ ಆದ ಮೇಲೆ ನಿಮ್ಮ ಎದುರಿಗೇ ಗ್ರೀಸ್ ಒತ್ತಲು ಹೇಳಿ, ಪೈಪಿನ ಎರಡು ತುದಿಯಲ್ಲೂ ಬಂದದ್ದನ್ನು ನೋಡಿ. ನಿಪ್ಪಲ್‌ನ ಥ್ರೆಡ್ ಯಾವುದು ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಟನೆಲ್ ಬೋಲ್ಟುಗಳನ್ನು ಗಾಡಿಯ ಮ್ಯಾನ್ಯುಯಲ್‌ನಲ್ಲಿ ಇರುವಷ್ಟೇ ಟಾರ್ಕ್‌ಗೆ ಬಿಗಿದರಾ, ಟ್ರ್ಯಾಕಿನ ಬಿಗಿ ಮತ್ತು ನೇರ ಸರಿಮಾಡಿದರಾ ಅಂತಲೂ ಕೇಳಿ. ಮೊದಲ ಸವಾರಿ ಹತ್ತಿರದಲ್ಲೇ ಮುಗಿಸಿ, ವಾಪಸು ಬಂದು ಆ ಬೋಲ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಿ.