ಗಬ್ಬದ ಕುರಿಗಳ ಪೂರಕ ಆಹಾರ: ಚೀಲಕ್ಕಿಂತ ಕೈಪಿಡಿಯೇ ಮೇಲು

ಟಗರು ಬಿಡುವ ಮುನ್ನ ಮತ್ತು ಆ ಬಳಿಕದ ಮೂರು ವಾರ ಕುರಿಗಳಿಗೆ ತಿನ್ನಿಸಬೇಕೆಂದು ಮಾರುವ, ಅರ್ಜಿನೈನ್ (ಪ್ರೋಟೀನಿನ ಘಟಕವಾದ ಒಂದು ಅಮೈನೋ ಆಮ್ಲ) ಬೆರೆತ ಪೂರಕ ಆಹಾರವೊಂದನ್ನು ಈ ಬಾರಿ ತರಿಸಿಕೊಂಡಿದ್ದೆ. ಜೊತೆಗೆ ಬಂದ ಕೈಪಿಡಿ ನಿಜಕ್ಕೂ ಮೆಚ್ಚುವಂತಿದೆ. ಅದು ವಿವರಿಸುವಂತೆ, ಗಬ್ಬ ಕಟ್ಟಿದ ಮೇಲೆ ಸುಮಾರು 12ನೇ ದಿನದವರೆಗೆ ದುಂಡಗಿರುವ ಭ್ರೂಣವು 16ನೇ ದಿನದ ಹೊತ್ತಿಗೆ ನೂಲಿನಂತೆ ಉದ್ದವಾಗುತ್ತದೆ. ಆಗ ಅದರ ಹೊರಪದರದ ಜೀವಕೋಶಗಳು ಸ್ರವಿಸುವ ಇಂಟರ್‌ಫೆರಾನ್ ಟೌ ಎಂಬ ಸಂಕೇತ ಪ್ರೋಟೀನ್, ಗರ್ಭಕೋಶದ ಒಳಪದರದಲ್ಲಿ ಆಕ್ಸಿಟೋಸಿನ್ ಹಾರ್ಮೋನಿನ ಗ್ರಾಹಕಗಳು ಹೆಚ್ಚದಂತೆ ತಡೆದು, ಅಂಡಾಶಯದಲ್ಲಿ ಗಬ್ಬ ಉಳಿಸುವ ಹಾರ್ಮೋನಾದ ಪ್ರೊಜೆಸ್ಟೆರಾನ್ ಉತ್ಪಾದನೆ ನಿಲ್ಲದಂತೆ ನೋಡಿಕೊಳ್ಳುತ್ತದೆ. ಅರ್ಜಿನೈನ್ ಇದೇ ಜೀವಕೋಶಗಳಲ್ಲಿ ಬೆಳವಣಿಗೆಯನ್ನು ನಿಯಂತ್ರಿಸುವ ಎಂಟಾರ್ (mTOR) ಎಂಬ ಸಂಕೇತ ಮಾರ್ಗವನ್ನು ಚುರುಕುಗೊಳಿಸುತ್ತದೆ ಎಂಬ ವಿವರಣೆಯೂ ಸರಿಯಾಗಿದೆ.

ಆದರೆ ಮುಖ್ಯ ಪ್ರಶ್ನೆಗೇ ಚೀಲದ ಮೇಲೆ ಉತ್ತರವಿಲ್ಲ. ರಕ್ಷಣಾ ಲೇಪನವಿಲ್ಲದ ಅರ್ಜಿನೈನ್‌ನ ಬಹುಪಾಲನ್ನು ರುಮೆನ್ ಎಂಬ ಮೊದಲ ಹೊಟ್ಟೆಯ ಸೂಕ್ಷ್ಮಾಣುಗಳೇ ಒಡೆದುಬಿಡುತ್ತವೆ. ಹಾಗಿರುವಾಗ ಲೇಪನದ ಪ್ರಸ್ತಾಪವನ್ನೇ ಬಿಟ್ಟಿರುವುದು ಸಣ್ಣ ಲೋಪವಲ್ಲ. ಚಿಟಿಕೆ ಪುಡಿಯನ್ನು ಅಂಗೈಯಲ್ಲಿ ನೀರು ಹಾಕಿ ತಿಕ್ಕಿದೆ, ಕ್ಷಣದಲ್ಲಿ ಕರಗಿತು; ಲೇಪನ ಇದ್ದಂತೆ ಕಾಣಲಿಲ್ಲ. ಹೆಚ್ಚು ತಿನ್ನಿಸಿದಷ್ಟೂ ಲಾಭ ಎಂಬ ಸಾಲಂತೂ ದಾರಿ ತಪ್ಪಿಸುತ್ತದೆ. ಅತಿಯಾಗಿ ಮೇಯಿಸಿದ ಕುರಿಯ ಯಕೃತ್ತು ಪ್ರೊಜೆಸ್ಟೆರಾನನ್ನು ಬೇಗನೆ ಒಡೆಯುವುದರಿಂದ ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಕೈಪಿಡಿಯನ್ನು ಇಟ್ಟುಕೊಂಡಿದ್ದೇನೆ, ಎರಡನೆಯ ಚೀಲ ತರಿಸಲಿಲ್ಲ.